ಹುಲ್ಲು ಸುಟ್ಟ ಬೂದಿಯಿಂದ ಗದ್ದೆಗೆ ಬಲ ಬರುತ್ತಾ?

ಪ್ರಶ್ನೆ: ನಮ್ಮದು ಗಂಗಾವತಿ ಕಡೆಯ ಗದ್ದೆ, ವರ್ಷಕ್ಕೆ ಎರಡು ಬೆಳೆ ಭತ್ತ. ಮಣ್ಣು ಗಟ್ಟಿಯಾಗಿದೆ, ಯೂರಿಯಾ ಜಾಸ್ತಿ ಮಾಡಿದರೂ ಇಳುವರಿ ಏರುತ್ತಿಲ್ಲ. ಸಾವಯವದಲ್ಲಿ ಸರಿಹೋಗುತ್ತಾ? ಹುಲ್ಲು ಸುಟ್ಟ ಬೂದಿ ಹೇಗೂ ಗದ್ದೆಗೇ ಸೇರುತ್ತಿದೆ.

ಸರಿಹೋಗುತ್ತದೆ. ಒಂದೇ ಬೆಳೆಗೆ ಆಗಲ್ಲ, ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಆದರೆ ಕೊನೆಗೆ ಹೇಳಿದ್ರಲ್ಲ, ಬೂದಿಯ ಮಾತು, ಅದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5ರಿಂದ 8 ಕೆಜಿ ಸಾರಜನಕ, 15ರಿಂದ 20 ಕೆಜಿ ಪೊಟ್ಯಾಷ್ ಇರುತ್ತದೆ. ಬೆಂಕಿ ಇಟ್ಟರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಪಾಲು. ಗಟ್ಟಿ ಮಣ್ಣನ್ನು ಸಡಿಲ ಮಾಡಬೇಕಿದ್ದ ಇಂಗಾಲವೂ ಹೋಯ್ತು. ಉಳಿಯೋದು ಪೊಟ್ಯಾಷ್, ಒಂಚೂರು ರಂಜಕ, ಅದರಲ್ಲೂ ಗಾಳಿ ಎದ್ದರೆ ಒಂದಿಷ್ಟು ಪಕ್ಕದ ಹೊಲಕ್ಕೆ.

"ಸುಟ್ಟ ಗದ್ದೆಯಲ್ಲಿ ಪೈರು ಹಸಿರಾಗಿ ಬರುತ್ತೆ, ಹುಲ್ಲು ಸೇರಿಸಿ ಉತ್ತ ಕಡೆ ಹಳದಿ ಆಗುತ್ತೆ" ಅಂತೀರಿ. ನೀವು ಕಂಡದ್ದು ನಿಜವೇ. ನಾಟಿಗೆ ನಾಲ್ಕು ದಿನ ಮುಂಚೆ ಹುಲ್ಲು ಉತ್ತರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಪೈರಿಗೆ ಸಿಗಬೇಕಾದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಅವಸರ ಮಾಡಿದ್ದು ನಾವು, ಬೈಸಿಕೊಳ್ಳೋದು ಹುಲ್ಲು. ಕನಿಷ್ಠ ಮೂರು ವಾರ ಮುಂಚೆ ಉತ್ತು ತೇವ ಆರದಂತೆ ನೋಡಿಕೊಳ್ಳಿ. ಆಮೇಲೆ ಮಣ್ಣಿನಿಂದ ಒಂದು ಎಳೆ ಎತ್ತಿ ಜಗ್ಗಿ ನೋಡಿ. ಕಪ್ಪಾಗಿ, ಜಗ್ಗಿದ ಕೂಡಲೇ ತುಂಡಾದರೆ ನಾಟಿ ಮಾಡಬಹುದು, ನಾರಿನ ಹಾಗೆ ತಡೆದರೆ ಇನ್ನೂ ಕಾಯಿರಿ.

ಮುಂಗಾರು ಬೆಳೆ ಕೊಯ್ದ ಮೇಲೆ ಅಷ್ಟು ಬಿಡುವು ಸಿಗಲ್ಲ, ಗೊತ್ತು. ಆ ಹುಲ್ಲನ್ನು ದನಕ್ಕೆ ಹಾಕಿ, ಇಲ್ಲವೇ ಸಗಣಿ ಜೊತೆ ಒಟ್ಟಿ ಕೊಳೆಸಿ. ಬೇಸಿಗೆ ಬೆಳೆಯ ಹುಲ್ಲಿಗಂತೂ ಕಾಲುವೆ ನೀರು ಬರೋವರೆಗೆ ಟೈಮ್ ಇದೆ ಅಲ್ವಾ? ಅದೇ ಬಿಡುವಿನಲ್ಲಿ ಮಳೆ ಬಿದ್ದ ತಕ್ಷಣ ಎಕರೆಗೆ 10–12 ಕೆಜಿ ಡಯಂಚಾ (ಹಸಿರೆಲೆ ಗೊಬ್ಬರದ ಗಿಡ) ಬೀಜ ಚೆಲ್ಲಿ, ಸುಮಾರು 45 ದಿನಕ್ಕೆ, ಕಾಂಡ ಇನ್ನೂ ಎಳಸಿರುವಾಗಲೇ ಉತ್ತುಬಿಡಿ. ಯೂರಿಯಾ ಒಂದೇ ಸಲ ನಿಲ್ಲಿಸಬೇಡಿ, ಬೆಳೆಯಿಂದ ಬೆಳೆಗೆ ಇಳಿಸುತ್ತಾ ಬನ್ನಿ.

ನೀವು ಕೇಳಲಿಲ್ಲ, ಆದರೂ ಬಸಿಗಾಲುವೆ, ಅಂದರೆ ಗದ್ದೆಯ ಹೆಚ್ಚುವರಿ ನೀರು ಹೊರಹೋಗುವ ಕಾಲುವೆ, ಅದರ ಬಗ್ಗೆ ಹೇಳಲೇಬೇಕು. ಬೇಸಿಗೆಯಲ್ಲಿ ಬದುವಿನ ಮೇಲೆ ಬಿಳಿ ಪುಡಿ ಏಳುತ್ತಿದ್ದರೆ ಅದು ಸವಳು, ಅಂದರೆ ಮಣ್ಣಿನಲ್ಲಿ ಉಪ್ಪು ಸೇರಿದೆ. ಡಯಂಚಾ ಸವಳಿನಲ್ಲೂ ಬರುತ್ತದೆ, ಮಣ್ಣೂ ಸಡಿಲ ಆಗುತ್ತದೆ, ಆದರೆ ಉಪ್ಪು ಹೋಗಬೇಕಾದರೆ ನೀರಿನ ಜೊತೆಗೇ ಗದ್ದೆ ಬಿಟ್ಟು ಹೋಗಬೇಕು. ಬಸಿಗಾಲುವೆಯಲ್ಲಿ ಹೂಳು ತುಂಬಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಉಪ್ಪು ಅಲ್ಲೇ. ಕೆಳಗಿನ ಗದ್ದೆಯವರನ್ನೂ ಸೇರಿಸಿಕೊಂಡು ಈ ಬೇಸಿಗೆಯಲ್ಲೇ ಹೂಳು ತೆಗೆಸಿ. ನಿಮ್ಮ ಪಾಲಿನದಷ್ಟೇ ತೆಗೆಸಿದರೆ ನೀರು ಅವರ ಬದುವಿನ ಹತ್ತಿರ ನಿಂತು ಮತ್ತೆ ನಿಮ್ಮ ಗದ್ದೆಗೇ ತಿರುಗುತ್ತದೆ.