ಕೌಬಾಯ್ ಹಾಡುಗಾರರು ನಿಜವಾಗಿಯೂ ದನ ಸಾಕಿದವರಾ?

ಕೌಬಾಯ್ ಹಾಡುಗಳ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು. ಆ ಟೋಪಿ, ಆ ಬೂಟು ಸುಮ್ನೆ ವೇದಿಕೆಗೆ ಅಂತ ಹಾಕಿಕೊಂಡಿದ್ದಾ? ಅಥವಾ ಹಾಡುವವರು ಆ ಬದುಕನ್ನು ಬದುಕಿದವರಾ?

ಎರಡೂ ಥರದವರಿದ್ದಾರೆ. ಆದರೆ ಕೆನಡಾದ ಇಯಾನ್ ಟೈಸನ್ ನಿಜವಾಗಿ ಬದುಕಿದವರು. ಅಷ್ಟೇ ಅಲ್ಲ, ಕೌಬಾಯ್ ಹಾಡುಗಾರ ಅಂತ ಅವರಿಗೆ ಹೆಸರು ಬಂದಿದ್ದೇ ಪೇಟೆಯ ಸಂಗೀತ ಬಿಟ್ಟು ದನ, ಕುದುರೆ ಸಾಕಲು ಹೋದ ಮೇಲೆ.

ಅವರು ಹುಟ್ಟಿದ್ದು 1933ರಲ್ಲಿ, ಪಶ್ಚಿಮ ಕರಾವಳಿಯ ವಿಕ್ಟೋರಿಯಾದಲ್ಲಿ. ಚಿಕ್ಕಂದಿನಲ್ಲಿ ವಿಲ್ ಜೇಮ್ಸ್ ಬರೆದ ಕೌಬಾಯ್ ಪುಸ್ತಕಗಳ ಹುಚ್ಚು. ಹರೆಯದಲ್ಲಿ ರೋಡಿಯೋಗೆ ಇಳಿದರು. ಎಗರಾಡುವ ಕುದುರೆಯ ಬೆನ್ನ ಮೇಲೆ ಕೆಲವೇ ಸೆಕೆಂಡು ಕೂತಿರುವುದೂ ಅಲ್ಲಿ ಒಂದು ದೊಡ್ಡ ಪಂದ್ಯ. ಒಮ್ಮೆ ಬಿದ್ದು ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಗಿಟಾರ್ ಕಲಿತರು.

ಆಮೇಲೆ ಟೊರಾಂಟೊ. ಅಲ್ಲಿ ಸಿಲ್ವಿಯಾ ಫ್ರಿಕರ್ ಜೊತೆ ಜೋಡಿಯಾಗಿ ಜಾನಪದ ಹಾಡುಗಳನ್ನು ಹಾಡಿದರು. 1963ರಲ್ಲಿ ಬಂತು 'ಫೋರ್ ಸ್ಟ್ರಾಂಗ್ ವಿಂಡ್ಸ್'. ಪ್ರೀತಿಸಿದವಳನ್ನು ಬಿಟ್ಟು, ಕೆಲಸ ಹುಡುಕಿ ಕೆನಡಾದ ಪಶ್ಚಿಮದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೊರಟವನ ಹಾಡು ಅದು. 2005ರಲ್ಲಿ ಸಿಬಿಸಿ ರೇಡಿಯೋ ಕೇಳುಗರು ಇದನ್ನೇ ಕೆನಡಾದ ಅತ್ಯುತ್ತಮ ಹಾಡು ಅಂತ ಆರಿಸಿದರು. 1964ರಲ್ಲಿ ಇಬ್ಬರೂ ಮದುವೆಯಾದರು, ಮುಂದೆ ಬೇರೆಯಾದರು. ನಡುವೆ ಕೆಲವು ವರ್ಷ ಟೀವಿ ಕಾರ್ಯಕ್ರಮವೂ ಇತ್ತು.

ಅದೆಲ್ಲ ಮುಗಿದ ಮೇಲೆ ಟೈಸನ್ ತಾವೇ ಆಲ್ಬರ್ಟಾಗೆ ಹೊರಟರು, ತಮ್ಮ ಹಾಡಿನಲ್ಲಿದ್ದವನ ಹಾಗೆ! 1978ರಲ್ಲಿ ಹೆಸರಾಂತ ರಾಕ್ ಹಾಡುಗಾರ ನೀಲ್ ಯಂಗ್ ಆ ಹಾಡನ್ನು ಮತ್ತೆ ಹಾಡಿದರು. ಅದರಿಂದ ಬಂದ ರಾಯಲ್ಟಿ ಹಣ ರಾಂಚ್, ಅಂದರೆ ದನ, ಕುದುರೆ ಸಾಕುವ ದೊಡ್ಡ ಜಮೀನು, ಕೊಳ್ಳಲು ನೆರವಾಯಿತು. ರಾಕಿ ಬೆಟ್ಟಗಳ ತಪ್ಪಲಲ್ಲಿ, ಲಾಂಗ್‌ವ್ಯೂ ಎಂಬ ಸಣ್ಣ ಊರಿನ ಹತ್ತಿರದ ಜಾಗ ಅದು. ಹಿಂಡಿನಿಂದ ಒಂದೇ ಒಂದು ದನವನ್ನು ಬೇರೆ ಮಾಡಿ, ಅದು ವಾಪಸ್ ನುಗ್ಗದಂತೆ ತಡೆಯುವ ಜಾಣ ಕುದುರೆಗಳಿರುತ್ತವೆ. ಅಂಥ ಕುದುರೆಗಳನ್ನು ಅವರು ಅಲ್ಲಿ ಪಳಗಿಸಿದರು.

ಹೊಸ ಹಾಡುಗಳು ಹುಟ್ಟಿದ್ದು ಈ ಕೆಲಸದ ನಡುವೆ. ಕುದುರೆ, ಚಳಿಗಾಲ, ಮೊಂಟಾನಾದ ಚಿತ್ರಕಾರ ಚಾರ್ಲಿ ರಸೆಲ್, ಹುಡುಗನಾಗಿದ್ದಾಗ ಓದಿದ ವಿಲ್ ಜೇಮ್ಸ್, ಎಲ್ಲವೂ ಹಾಡಾದವು. 'ಕೌಬಾಯಾಗ್ರಫಿ' ಆಲ್ಬಂ ಕೆನಡಾದಲ್ಲಿ ಪ್ಲಾಟಿನಂ ಆಯಿತು, ಅಂದರೆ ಆಗಿನ ಲೆಕ್ಕದಲ್ಲಿ 1 ಲಕ್ಷ ಪ್ರತಿ. ಅಮೆರಿಕದ ನೆವಾಡಾದ ಎಲ್ಕೊದಲ್ಲಿ ನಡೆಯುವ ಕೌಬಾಯ್ ಕವಿಗಳ ಕೂಟದಲ್ಲಿ ಅವರು ಎಷ್ಟೋ ಸಲ ಹಾಡಿದ್ದಾರೆ. ಅಲ್ಲಿ ಕೇಳಲು ಕೂತವರಲ್ಲಿ ದಿನಾ ದನಗಳ ಜೊತೆ ಇರುವವರೂ ಇರುತ್ತಾರೆ. ಅವರೆದುರು ಬರೀ ಟೋಪಿ ಸಾಲದು, ಅಲ್ವಾ?

2006ರಲ್ಲಿ ಒಂದು ಬಯಲು ಕಛೇರಿಯಲ್ಲಿ ಜೋರಾಗಿ ಹಾಡಿ ಗಂಟಲು ಕೆಟ್ಟಿತು. ಬೆನ್ನಿಗೇ ವೈರಸ್ ಸೋಂಕು. ಆ ನಯವಾದ ದನಿ ಹೋಗಿ ಒರಟು ದನಿ ಉಳಿಯಿತು. ಅವರು ಹಾಡು ನಿಲ್ಲಿಸಲಿಲ್ಲ. 2022ರ ಡಿಸೆಂಬರ್‌ನಲ್ಲಿ, 89ನೇ ವಯಸ್ಸಿನಲ್ಲಿ, ಅದೇ ರಾಂಚ್‌ನಲ್ಲಿ ತೀರಿಕೊಂಡರು.

ಕೇಳಲು ಶುರು ಮಾಡುವವರಿಗೆ ನಾನು ಹೇಳುವುದು 2008ರ ಆಲ್ಬಂ, 'ಯೆಲ್ಲೊಹೆಡ್ ಟು ಯೆಲ್ಲೊಸ್ಟೋನ್'. ಅದರ ಮುಖ್ಯ ಹಾಡಿನಲ್ಲಿ, ಕೆನಡಾದಿಂದ ಅಮೆರಿಕದ ಯೆಲ್ಲೊಸ್ಟೋನ್ ಕಾಡಿಗೆ ಸಾಗಿಸಿದ ತೋಳವೊಂದು ತನ್ನ ಕಥೆ ಹೇಳುತ್ತದೆ. ಆ ತೋಳಕ್ಕೆ ಈ ಒರಟು ದನಿಯೇ ಸರಿ.