ಬಾಡಿಗೆ ಏರಿದಾಗ ಮೊದಲು ಎಣಿಸಬೇಕಾದದ್ದು ಖಾಲಿ ಮನೆಗಳನ್ನು

ಬಾಡಿಗೆ ಏಕೆ ಏರುತ್ತಿದೆ ಎಂದು ಕೇಳಿದರೆ ಹೆಚ್ಚಿನವರು ಮಾಲೀಕರ ದುರಾಸೆ ಎನ್ನುತ್ತಾರೆ. ನಗರ ಯೋಜನೆಯ ಕೆಲಸದಲ್ಲಿರುವ ನಾನು ಮೊದಲು ವಿಚಾರಿಸುವುದು, ಆ ಊರಿನ ನೂರು ಬಾಡಿಗೆ ಮನೆಗಳಲ್ಲಿ ಎಷ್ಟು ಖಾಲಿ ಇವೆ ಎಂಬುದನ್ನು. ಆರೇಳು ಖಾಲಿ ಇದ್ದರೆ ಮಾಲೀಕರೇ ಬಾಡಿಗೆದಾರರಿಗಾಗಿ ಕಾಯುತ್ತಾರೆ, ಸುಣ್ಣಬಣ್ಣ ಮಾಡಿಸಿಕೊಡುತ್ತಾರೆ, ಚೌಕಾಸಿಗೂ ಒಪ್ಪುತ್ತಾರೆ. ಒಂದೆರಡಕ್ಕೆ ಇಳಿದರೆ ಒಂದೇ ಮನೆಗೆ ಹತ್ತು ಜನ ಬರುತ್ತಾರೆ. ಅವರ ಪೈಪೋಟಿಯೇ ಬಾಡಿಗೆ ಏರಿಸುತ್ತದೆ. ದುರಾಸೆ ಎರಡೂ ಊರಿನಲ್ಲಿ ಇದ್ದೇ ಇರುತ್ತದೆ.

ಖಾಲಿ ಮನೆಗಳು ಕರಗಲು ಜನಸಂಖ್ಯೆ ಹೆಚ್ಚಲೇಬೇಕೆಂದಿಲ್ಲ. ಐವರ ಕುಟುಂಬದಲ್ಲಿ ಮಕ್ಕಳು ಬೇರೆ ಬೇರೆ ಮನೆ ಮಾಡಿದರೆ ಅಷ್ಟೇ ಜನಕ್ಕೆ ಮೂರು ಮನೆ ಬೇಕು. ಉದ್ಯೋಗಗಳೆಲ್ಲ ಒಂದೇ ಕಡೆ ಗುಂಪುಗೂಡಿದರಂತೂ ಬೇರೆ ಊರುಗಳಲ್ಲಿ ಬೀಗ ಬಿದ್ದ ಮನೆಗಳಿದ್ದು ಪ್ರಯೋಜನವಿಲ್ಲ.

ಬೇಡಿಕೆ ಇದ್ದಲ್ಲಿ ಕಟ್ಟಬಹುದಲ್ಲ? ಗಂಟು ಇರುವುದು ಇಲ್ಲೇ. ಆರು ಕುಟುಂಬ ಆರಾಮಾಗಿ ಇರಬಹುದಾದ ನಿವೇಶನದಲ್ಲಿ ಎಷ್ಟೋ ಕಡೆ ನಿಯಮ ಒಂದೇ ಮನೆಗೆ ಒಪ್ಪುತ್ತದೆ. ಮನೆಗೊಂದು ಪಾರ್ಕಿಂಗ್ ಜಾಗ ಕಡ್ಡಾಯ. ನಕ್ಷೆ ಮಂಜೂರಾತಿ ತಿಂಗಳುಗಟ್ಟಲೆ ತಡವಾದರೆ ಸಾಲದ ಬಡ್ಡಿಯೂ ಬೆಲೆಗೆ ಸೇರುತ್ತದೆ. ಆಕ್ಷೇಪಣೆ ಆಲಿಸುವ ಸಭೆಗೆ ಬರುವವರು ಆ ಬೀದಿಯಲ್ಲಿ ಆಗಲೇ ಮನೆ ಇರುವವರು. ಮುಂದೆ ಅಲ್ಲಿ ವಾಸಿಸಬೇಕಾದವರನ್ನು ನಾನು ಕಂಡದ್ದು ತೀರಾ ಅಪರೂಪ. ಈ ಸಂಗತಿ ನನ್ನನ್ನು ಸದಾ ಕಾಡುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ತನ್ನ ವಸತಿ ಭೂಮಿಯ ಸುಮಾರು ಮುಕ್ಕಾಲು ಪಾಲಿನಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ನಂತರದ ವರ್ಷಗಳಲ್ಲಿ ಅಲ್ಲಿ ಕಟ್ಟಡ ಪರವಾನಗಿಗಳು ದಾಖಲೆ ಮಟ್ಟಕ್ಕೇರಿದವು.

ಕೊರತೆ ಕಣ್ಣಿಗೆ ಕಾಣುವುದು ತಡವಾಗಿ. ಅಮೆರಿಕದಲ್ಲಿ 2005ರಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಶುರುವಾಗಿತ್ತು. ಸಾಲದ ಬಿಕ್ಕಟ್ಟಿನ ನಂತರ, 2009ರಲ್ಲಿ, 6 ಲಕ್ಷವೂ ಇರಲಿಲ್ಲ. ಕಟ್ಟಡ ಕೆಲಸಗಾರರು ಬೇರೆ ಕಸುಬು ಹಿಡಿದರು. ಆಗ ಕಟ್ಟದೆ ಬಿಟ್ಟ ಮನೆಗಳ ಬಿಸಿ ಬಾಡಿಗೆದಾರರಿಗೆ ತಟ್ಟಿದ್ದು ವರ್ಷಗಳ ಮೇಲೆ.

‘ಹೊಸ ಮನೆಗಳೆಲ್ಲ ಉಳ್ಳವರಿಗೇ ತಾನೇ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಳ್ಳವರಿಗೆ ಹೊಸ ಮನೆ ಸಿಗದಿದ್ದರೆ ಅವರೇನು ಊರು ಬಿಡುವುದಿಲ್ಲ. ಹಳೆಯ ಮನೆಗೇ ಹೆಚ್ಚು ಬಾಡಿಗೆ ಕೊಡುತ್ತಾರೆ, ಅಲ್ಲಿದ್ದವರು ಇನ್ನೂ ಹಳೆಯ ಮನೆ ಹುಡುಕುತ್ತಾರೆ, ಕೊನೆಗೆ ಎಲ್ಲರಿಗಿಂತ ಬಡವರು ಊರಾಚೆಗೆ ಹೋಗಬೇಕಾಗುತ್ತದೆ.

ಬಾಡಿಗೆಗೆ ಮಿತಿ ಹಾಕಿದರೆ ಈಗಾಗಲೇ ಮನೆ ಹಿಡಿದವರಿಗೆ ರಕ್ಷಣೆ ಸಿಗುತ್ತದೆ, ಹುಡುಕುವವರಿಗೆ ಕಷ್ಟವೇ. ಬರ್ಲಿನ್ 2020ರಲ್ಲಿ ಮಿತಿ ಹಾಕಿದಾಗ ಬಾಡಿಗೆ ಇಳಿಯಿತು, ಜೊತೆಗೆ ಬಾಡಿಗೆಗಿರುವ ಮನೆಗಳ ಜಾಹೀರಾತುಗಳೂ ತೀವ್ರವಾಗಿ ಕುಸಿದವು. 2021ರ ಏಪ್ರಿಲ್‌ನಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿತು.

ಹಾಗೆಂದು ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟರೆ ಸಾಲದು. ಕಡಿಮೆ ಆದಾಯದವರು ಕೊಡಬಲ್ಲ ಬಾಡಿಗೆಯಲ್ಲಿ ಕಟ್ಟಿದ ಖರ್ಚೂ ಹುಟ್ಟುವುದಿಲ್ಲ. ವಿಯೆನ್ನಾ 1920ರ ದಶಕದಲ್ಲೇ ಪೌರಾಡಳಿತದ ಮನೆಗಳನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟತೊಡಗಿತು. ಇಂದು ಅಲ್ಲಿನ ಅರ್ಧದಷ್ಟು ಜನ ಅಂಥ ಮನೆಗಳಲ್ಲಿ ಅಥವಾ ಸರ್ಕಾರಿ ನೆರವಿನಿಂದ ಕಟ್ಟಿದ ಮನೆಗಳಲ್ಲಿದ್ದಾರೆ. ಬೆಲೆ ಏರುವ ಮೊದಲೇ ಜಾಗ ಕೊಂಡಿಡಲು ಆ ನಗರ 1984ರಲ್ಲಿ ಒಂದು ನಿಧಿಯನ್ನೇ ಸ್ಥಾಪಿಸಿತು.