ಡಿಕ್ಕಿ ಎಣಿಸಿದರೆ ಸಾಲದೇ? ಪ್ರೋಟಾನ್ ಕಿರಣವನ್ನು ಯಾಕೆ ಸರಿಸುತ್ತಾರೆ?

ಪ್ರಶ್ನೆ: ಎಲ್‌ಎಚ್‌ಸಿ ಎಂಬ ಕಣ ಡಿಕ್ಕಿ ಹೊಡೆಸುವ ದೈತ್ಯ ಯಂತ್ರದಲ್ಲಿ ಪ್ರೋಟಾನ್ ಡಿಕ್ಕಿ ನಡೆಯುವುದೇ ಡಿಟೆಕ್ಟರ್‌ನ (ಕಣಗಳನ್ನು ಪತ್ತೆಹಚ್ಚುವ ಉಪಕರಣದ) ಒಳಗೆ. ಸುಮ್ನೆ ಎಣಿಸಿಬಿಟ್ಟರೆ ಲ್ಯುಮಿನಾಸಿಟಿ ಸಿಗುತ್ತೆ, ಅಲ್ವಾ? ಹಾಗಿದ್ದರೂ ಕಿರಣಗಳನ್ನು ಅತ್ತಿತ್ತ ಸರಿಸಿ ಅಳೆಯುತ್ತಾರಂತೆ. ಯಾಕೆ?

ಎಣಿಕೆ ಬೇಕೇ ಬೇಕು. ಆದರೆ ಅದೊಂದರಿಂದಲೇ ಕೆಲಸ ಆಗುವುದಿಲ್ಲ.

ಕಿರಣಗಳು ಎಷ್ಟು ದಟ್ಟವಾಗಿ ಒಂದರೊಳಗೊಂದು ಹಾಯುತ್ತವೆ ಎಂಬುದರ ಅಳತೆಯೇ ಲ್ಯುಮಿನಾಸಿಟಿ. ಪ್ರೋಟಾನ್‌ಗಳು ಕಂತೆ ಕಂತೆಯಾಗಿ ಓಡುತ್ತವೆ. ಒಂದು ಕಂತೆಯಲ್ಲಿ ಸುಮಾರು 10,000 ಕೋಟಿ ಪ್ರೋಟಾನ್. 25 ನ್ಯಾನೊಸೆಕೆಂಡಿಗೊಮ್ಮೆ ಎರಡು ಕಂತೆಗಳು ಎದುರಾಗುತ್ತವೆ. 2018ರಲ್ಲಿ ಪ್ರತಿ ಸಲವೂ ಸರಾಸರಿ 30ಕ್ಕಿಂತ ಜಾಸ್ತಿ ಡಿಕ್ಕಿ ಒಟ್ಟಿಗೇ ಆಗುತ್ತಿದ್ದವು. ಅವನ್ನು ಬಿಡಿಸಿ ಎಣಿಸುವುದು ಕಷ್ಟ.

ಎಲ್‌ಎಚ್‌ಸಿಯ ದೊಡ್ಡ ಡಿಟೆಕ್ಟರ್‌ಗಳಲ್ಲೊಂದಾದ ಸಿಎಂಎಸ್ ಪ್ರಯೋಗದವರು ಡಿಕ್ಕಿಯ ಬದಲು ಅದು ಬಿಟ್ಟುಹೋದ ಗುರುತುಗಳನ್ನು ಎಣಿಸುತ್ತಾರೆ. ಅವರ ಮೊದಲ ಪಿಕ್ಸೆಲ್ ಡಿಟೆಕ್ಟರ್‌ನಲ್ಲಿ 6.6 ಕೋಟಿ ಪಿಕ್ಸೆಲ್, ಅಂದರೆ ಕಣದ ಗುರುತು ಹಿಡಿಯುವ ಸಿಲಿಕಾನ್ ಹಾಳೆಯ ಪುಟ್ಟ ತುಣುಕುಗಳು, ಇದ್ದವು. ಒಂದೊಂದರ ಅಳತೆ 100 × 150 ಮೈಕ್ರೊಮೀಟರ್, ಅಂದರೆ ಕೂದಲಿನ ದಪ್ಪಕ್ಕಿಂತ ತುಸು ಹೆಚ್ಚು. ಡಿಕ್ಕಿಯಿಂದ ಸಿಡಿದ ಒಂದು ಕಣ ಆ ತೆಳು ಸಿಲಿಕಾನ್ ಹಾಳೆಯನ್ನು ತೂರಿ ಹೋದರೆ ಸುಮಾರು 20,000 ಎಲೆಕ್ಟ್ರಾನ್ ಬಿಡುಗಡೆಯಾಗುತ್ತವೆ. ಅವು ಅಕ್ಕಪಕ್ಕದ ಒಂದೆರಡು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತವೆ. ಆ ಪುಟ್ಟ ಗುಂಪೇ ಒಂದು ಕ್ಲಸ್ಟರ್.

ಒಣ ಅಂಗಳಕ್ಕೆ ಮಳೆಯ ಮೊದಲ ಹನಿಗಳು ಬಿದ್ದಾಗ ಒಂದೊಂದು ಗುರುತನ್ನೂ ಎಣಿಸಬಹುದು. ಮಳೆ ಜೋರಾದರೆ ಗುರುತಿನ ಮೇಲೆ ಗುರುತು ಬಿದ್ದು ಲೆಕ್ಕ ಕೆಡುತ್ತದೆ. ಪಿಕ್ಸೆಲ್ ಅಂಗಳ ಎಷ್ಟು ವಿಶಾಲವೆಂದರೆ ಅಷ್ಟು ಡಿಕ್ಕಿಗಳಾದರೂ ಅದರ ಬಹುಪಾಲು ಒಣಗೇ ಉಳಿಯುತ್ತದೆ. ಹಾಗಾಗಿ ಡಿಕ್ಕಿ ಎರಡರಷ್ಟಾದರೆ ಕ್ಲಸ್ಟರ್‌ಗಳೂ ಹೆಚ್ಚುಕಡಿಮೆ ಎರಡರಷ್ಟಾಗುತ್ತವೆ. ನನ್ನ ಮಟ್ಟಿಗೆ ಈ ವಿಧಾನದ ದೊಡ್ಡ ಸೊಗಸು ಇದೇ.

ಆದರೆ ಒಂದು ಡಿಕ್ಕಿಗೆ ಎಷ್ಟು ಕ್ಲಸ್ಟರ್ ಅಂತ ಹೇಳುವವರು ಯಾರು? ಅಲ್ಲಿಗೆ ಬೇಕು ಕಿರಣ ಸರಿಸುವ ಉಪಾಯ. 1968ರಲ್ಲಿ, ಈಗ ಎಲ್‌ಎಚ್‌ಸಿ ನಡೆಸುವ ಸರ್ನ್ ಪ್ರಯೋಗಾಲಯದ ಸೈಮನ್ ವಾನ್ ಡರ್ ಮೀರ್ ಇದನ್ನು ಸೂಚಿಸಿದರು. ಕಡಿಮೆ ಕಂತೆಗಳನ್ನು ಓಡಿಸಿ, ಎರಡು ಕಿರಣಗಳನ್ನು ಹಂತ ಹಂತವಾಗಿ ದೂರ ಮಾಡುತ್ತಾ ಹೋಗುತ್ತಾರೆ. ಮೊದಲು ಅಡ್ಡಡ್ಡ, ಆಮೇಲೆ ಮೇಲೆ ಕೆಳಗೆ. ಸರಿದಷ್ಟೂ ಕ್ಲಸ್ಟರ್ ಎಣಿಕೆ ಇಳಿಯುತ್ತದೆ. ಅದನ್ನು ಗ್ರಾಫ್‌ನಲ್ಲಿ ಬರೆದರೆ ಗಂಟೆಯಾಕಾರದ ಗೆರೆ. ಆ ಗಂಟೆಯ ಅಗಲದಲ್ಲೇ ಕಿರಣಗಳ ಅಡ್ಡಳತೆ ಅಡಗಿದೆ. ಕಂತೆಯಲ್ಲಿರುವ ಪ್ರೋಟಾನ್‌ಗಳ ಲೆಕ್ಕ ವಿದ್ಯುತ್ ಪ್ರವಾಹದ ಅಳತೆಯಿಂದ ಸಿಗುತ್ತದೆ. ಎರಡೂ ಕೈಗೆ ಬಂದರೆ ಆ ಹೊತ್ತಿನ ನಿಜವಾದ ಲ್ಯುಮಿನಾಸಿಟಿ ಗೊತ್ತಾಗುತ್ತದೆ. ಅದನ್ನು ಕ್ಲಸ್ಟರ್ ಎಣಿಕೆಯ ಪಕ್ಕ ಇಟ್ಟರೆ ಅಳತೆಗೋಲು ಸಿದ್ಧ. ಉಳಿದ ವರ್ಷವೆಲ್ಲ ಅದೇ ಗೋಲು.

ಗೋಲು ಬಾಗಬಾರದು ನೋಡಿ. ಅದಕ್ಕೇ ವರ್ಷವಿಡೀ ಒಂದೇ ರೀತಿ ಕೆಲಸ ಮಾಡಿದ ಪಿಕ್ಸೆಲ್ ಭಾಗಗಳನ್ನು ಮಾತ್ರ ಆರಿಸುತ್ತಾರೆ. ಕಿರಣಕ್ಕೆ ತೀರಾ ಹತ್ತಿರದ ಪದರದ ಮೇಲೆ ಹೊರೆ ಜಾಸ್ತಿ, ಅದು ಕೆಲವು ಕಣಗಳನ್ನು ತಪ್ಪಿಸಿಕೊಳ್ಳುತ್ತದೆ. ಅದನ್ನು ಲೆಕ್ಕದಿಂದ ಕೈಬಿಡುತ್ತಾರೆ. ಇನ್ನೊಂದು ತೊಡಕೂ ಇದೆ. ಡಿಕ್ಕಿ ಮುಗಿದ ಮೇಲೂ ಸುತ್ತಲಿನ ವಸ್ತುಗಳಲ್ಲಿ ಸ್ವಲ್ಪ ಹೊತ್ತು ವಿಕಿರಣ ಉಳಿದಿರುತ್ತದೆ. ಹಾಗಾಗಿ ಕಂತೆಯೇ ಇಲ್ಲದ ಖಾಲಿ ಸರದಿಯಲ್ಲೂ ಕ್ಲಸ್ಟರ್ ಕಾಣಿಸುತ್ತವೆ. ಆ ಖಾಲಿ ಸರದಿಗಳನ್ನೇ ನೋಡಿ ಅಷ್ಟನ್ನು ಕಳೆಯುತ್ತಾರೆ.

ಇಷ್ಟೆಲ್ಲ ಮಾಡಿ 2016ರ ಮಾಹಿತಿಯ ಲ್ಯುಮಿನಾಸಿಟಿಯನ್ನು ಸಿಎಂಎಸ್ ತಂಡ 1.2% ನಿಖರತೆಯಲ್ಲಿ ಹೇಳಿತು. ಒಂದು ಕಣ ಎಷ್ಟು ಸಲೀಸಾಗಿ ಹುಟ್ಟುತ್ತದೆ ಎಂದು ಅಳೆಯುವಾಗ ಈ 1.2% ಅನಿಶ್ಚಿತತೆ ನೇರವಾಗಿ ಆ ಉತ್ತರದೊಳಕ್ಕೂ ಬರುತ್ತದೆ.